ಕಾರಿನ ಎಕ್ಸಾಸ್ಟ್ ಪೈಪಿಗೆ ಹೀಟ್ ರ‍್ಯಾಪ್ ಸುತ್ತುವುದು: ಸಮಗ್ರ ಮಾರ್ಗದರ್ಶಿ

ಎರಡು ಮಳೆಗಾಲ ಕಳೆದ ಮೇಲೆ ನನ್ನ ಹಳೆಯ ಮಾರುತಿ ಜಿಪ್ಸಿಯಲ್ಲಿ ಎಂಜಿನ್ನಿನ ಹೊಗೆಯನ್ನು ಕೆಳಕ್ಕೆ ಒಯ್ಯುವ ಡೌನ್‌ಪೈಪಿಗೆ ಸುತ್ತಿದ್ದ, ಶಾಖ ತಡೆಯುವ ನೇಯ್ದ ಪಟ್ಟಿಯಾದ ಹೀಟ್ ರ‍್ಯಾಪ್ ಬಿಚ್ಚಿದಾಗ, ಪಟ್ಟಿಯ ಒಳಮೈಗೆ ತುಕ್ಕಿನ ಹಕ್ಕಳೆಗಳು ಅಂಟಿಕೊಂಡೇ ಬಂದವು. ಪೈಪಿನ ಕೆಳಬಾಗಿನಲ್ಲಿ ಸ್ಕ್ರೂಡ್ರೈವರಿನ ತುದಿಯನ್ನು ಮೆಲ್ಲಗೆ ಒತ್ತಿದರೂ ಅದು ಒಳಕ್ಕೆ ಇಳಿಯುತ್ತಿತ್ತು. ಪಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ. ಬಣ್ಣ ಹಚ್ಚದ ಮೈಲ್ಡ್ ಸ್ಟೀಲ್ ಪೈಪಿಗೆ ನೇರವಾಗಿ ಸುತ್ತಿದ್ದು, ಸುತ್ತುಗಳ ಅಂಚು ಗಾಡಿಯ ಮುಂಭಾಗಕ್ಕೆ ಬಾಯ್ತೆರೆದಿರುವಂತೆ ಸುತ್ತಿದ್ದು, ಎರಡು ವರ್ಷ ಒಮ್ಮೆಯೂ ಬಿಚ್ಚಿ ನೋಡದೆ ಬಿಟ್ಟಿದ್ದು, ಈ ಮೂರೂ ನಾನು ಮಾಡಿದ ತಪ್ಪುಗಳು. ಹೀಟ್ ರ‍್ಯಾಪ್ ಶಾಖವನ್ನು ಪೈಪಿನೊಳಗೆ ಹಿಡಿದಿಡುತ್ತದೆ ಎಂಬುದು ನಿಜ. ಆದರೆ ಅದು ನೀರನ್ನೂ ಎಣ್ಣೆಯನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಮೇಲಾಗಿ ಪೈಪಿನ ಸ್ಥಿತಿಯನ್ನು ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ಆದ್ದರಿಂದ ಸುತ್ತುವ ಕೈಚಳಕಕ್ಕಿಂತ ಮೊದಲು ಎಲ್ಲಿ ಸುತ್ತಬೇಕು, ಎಲ್ಲಿ ಸುತ್ತಬಾರದು ಎಂಬ ತೀರ್ಮಾನ ಆಗಬೇಕು.

ಪಟ್ಟಿಯಿಂದ ಏನು ಪ್ರಯೋಜನ

ಪೆಟ್ರೋಲ್ ಎಂಜಿನ್ನಿನಿಂದ ಹೊರಬೀಳುವ ಅನಿಲದ ತಾಪ, ಎಂಜಿನ್ನಿನ ಮೇಲಿರುವ ಹೊರೆಗೆ ತಕ್ಕಂತೆ, ಸಿಲಿಂಡರುಗಳ ಹೊಗೆ ಬಂದು ಕೂಡುವ ಮ್ಯಾನಿಫೋಲ್ಡಿನ ಬಳಿ ಸುಮಾರು 400ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಇಷ್ಟು ಬಿಸಿಯಾದ ಪೈಪು ಸುತ್ತಲಿನ ಗಾಳಿಯನ್ನು ಕಾಯಿಸುವುದಕ್ಕಿಂತ ಹೆಚ್ಚಾಗಿ ವಿಕಿರಣದ ಮೂಲಕ ಎದುರಿಗಿರುವ ವಸ್ತುಗಳನ್ನು ನೇರವಾಗಿ ಸುಡುತ್ತದೆ. ಸ್ಟಾರ್ಟರ್ ಮೋಟರು, ಪೆಟ್ರೋಲ್ ಪೈಪು, ವೈರಿಂಗ್, ಕ್ಲಚ್ ಕೇಬಲ್ಲು, ಚಾಲಕನ ಕಾಲಡಿಯ ತಗಡು, ಎಲ್ಲಕ್ಕೂ ಈ ಶಾಖ ತಟ್ಟುತ್ತದೆ. ವಿಕಿರಣ ಶಾಖವು ಕೆಲ್ವಿನ್ ಲೆಕ್ಕದ ತಾಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುವುದರಿಂದ, ಹೊರಮೈಯ ತಾಪ 600 ಡಿಗ್ರಿಯಿಂದ 300 ಡಿಗ್ರಿಗೆ ಇಳಿದರೆ, ಉಳಿದೆಲ್ಲ ಸಮನಾಗಿದ್ದಲ್ಲಿ, ವಿಕಿರಣವು ಅರ್ಧಕ್ಕಲ್ಲ, ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೆರಡು ಮಿಲಿಮೀಟರ್ ದಪ್ಪದ ನೇಯ್ದ ಪಟ್ಟಿಯಿಂದ ಇಷ್ಟು ವ್ಯತ್ಯಾಸ ಕಾಣುವುದು ಈ ಕಾರಣದಿಂದಲೇ.

ಶಕ್ತಿ ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಅನಿಲ ಬಿಸಿಯಾಗಿಯೇ ಉಳಿದರೆ ಅದರ ವೇಗ ಕುಗ್ಗದೆ ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತದೆ ಎಂಬ ವಾದ ತಾತ್ವಿಕವಾಗಿ ಸರಿ. ಬಾನೆಟ್ಟಿನೊಳಗಿನ ಗಾಳಿ ತಂಪಾದರೆ ಎಂಜಿನ್ ಎಳೆದುಕೊಳ್ಳುವ ಗಾಳಿ ದಟ್ಟವಾಗುತ್ತದೆ ಎಂಬುದೂ ಸರಿ, ಏಕೆಂದರೆ ಗಾಳಿಯ ತಾಪ 3 ಡಿಗ್ರಿ ಇಳಿದರೆ ಸಾಂದ್ರತೆ ಶೇಕಡ 1ರಷ್ಟು ಏರುತ್ತದೆ. ಹಾಗಿದ್ದರೂ ದಿನನಿತ್ಯ ಓಡಿಸುವ ಕಾರಿನಲ್ಲಿ ಈ ಲಾಭ ಚಾಲಕನ ಅನುಭವಕ್ಕೆ ಬರುವಷ್ಟಿರುತ್ತದೆ ಎಂದು ನಾನು ಹೇಳಲಾರೆ. ಅನುಭವಕ್ಕೆ ಬರುವುದು ಕಾಲಡಿಯ ತಗಡಿನ ತಂಪು, ಮಧ್ಯಾಹ್ನದ ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಮತ್ತೆ ಸಲೀಸಾಗಿ ತಿರುಗುವ ಸ್ಟಾರ್ಟರು, ಸುಟ್ಟು ಗಡುಸಾಗದ ವೈರಿನ ಹೊದಿಕೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಬಹುಕಾಲ ಓಡಿದ ಜಿಪ್ಸಿಯಂಥ ಗಾಡಿಯನ್ನು ಗಂಟೆಗಟ್ಟಲೆ ಕೆಳಗಿನ ಗೇರಿನಲ್ಲಿ ಓಡಿಸಿದವರಿಗೆ ಈ ಶಾಖ ಎಷ್ಟು ದೊಡ್ಡ ತೊಂದರೆ ಎಂಬುದು ಗೊತ್ತು.

ಸುತ್ತಬಹುದಾದ ಪೈಪು, ಸುತ್ತಬಾರದ ಪೈಪು

ಒಳ್ಳೆಯ ಅಭ್ಯರ್ಥಿಯೆಂದರೆ ಸ್ಟೇನ್‌ಲೆಸ್ ಸ್ಟೀಲಿನ ಡೌನ್‌ಪೈಪು, ಅದರ ನಂತರ ದಪ್ಪ ಗೋಡೆಯ, ಚೆನ್ನಾಗಿ ಬಣ್ಣ ಹಚ್ಚಿದ ಮೈಲ್ಡ್ ಸ್ಟೀಲ್ ಪೈಪು. ಮ್ಯಾನಿಫೋಲ್ಡಿನ ಬದಲಿಗೆ ಪೈಪುಗಳನ್ನು ಬೆಸೆದು ಮಾಡಿದ ಹೆಡರ್‌ಗೂ ಸುತ್ತಬಹುದು. ಆದರೆ ತೆಳು ಗೋಡೆಯ ಹೆಡರ್ ಆದರೆ ಒಮ್ಮೆ ಯೋಚಿಸಬೇಕು. ಪಟ್ಟಿ ಸುತ್ತಿದ ಮೇಲೆ ಲೋಹವೇ ಮೊದಲಿಗಿಂತ ಬಿಸಿಯಾಗಿ ಓಡುತ್ತದೆ, ಬೆಸುಗೆಯ ಬಳಿ ಬಿರುಕು ಬಿಡುವ ಸಾಧ್ಯತೆ ಹೆಚ್ಚುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಸುಮಾರು 425ರಿಂದ 850 ಡಿಗ್ರಿಯ ನಡುವೆ ಬಹಳ ಹೊತ್ತು ಇದ್ದರೆ, ಅದರೊಳಗಿನ ಕ್ರೋಮಿಯಂ ಕಾರ್ಬನ್ನಿನ ಜೊತೆ ಕೂಡಿ ಹರಳಿನ ಅಂಚುಗಳಲ್ಲಿ ಸೇರಿಕೊಳ್ಳುತ್ತದೆ, ಆ ಜಾಗಗಳು ತುಕ್ಕಿಗೆ ಈಡಾಗುತ್ತವೆ. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬಾರದು. ಹೆಡರ್ ತಯಾರಕರಲ್ಲಿ ಅನೇಕರು ಪಟ್ಟಿ ಸುತ್ತಿದರೆ ವಾರಂಟಿ ಕೊಡುವುದಿಲ್ಲ. ಕೊಳ್ಳುವ ಮುನ್ನವೇ ಅದನ್ನು ಕೇಳಿ ತಿಳಿದುಕೊಳ್ಳಿ.

ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಎಂದಿಗೂ ಸುತ್ತಬಾರದು. ಅದು ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಬೇಕು, ನಂತರ ಅದರೊಳಗಿನ ರಾಸಾಯನಿಕ ಕ್ರಿಯೆಯೇ ಶಾಖವನ್ನು ಹುಟ್ಟಿಸುತ್ತದೆ. ಆ ಶಾಖ ಹೊರಹೋಗದಂತೆ ಬಂಧಿಸಿದರೆ ಒಳಗಿನ ಜೇನುಗೂಡಿನಂಥ ಸೆರಾಮಿಕ್ ಹಾಳಾಗುತ್ತದೆ. ಡೀಸೆಲ್ ಗಾಡಿಯಲ್ಲಿ ಮಸಿಯನ್ನು ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರಿಗೂ ಇದೇ ಮಾತು. ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೆ ಸುತ್ತುವುದರಿಂದ ಲಾಭಕ್ಕಿಂತ ಬಿರುಕಿನ ಭಯವೇ ಹೆಚ್ಚು. ಅಲ್ಲಿ ಕಂಪನಿಯೇ ಕೊಟ್ಟ ತಗಡಿನ ಹೀಟ್ ಶೀಲ್ಡ್ ಇದ್ದರೆ ಅದನ್ನು ತೆಗೆಯದೆ ಉಳಿಸಿಕೊಳ್ಳುವುದೇ ಉತ್ತಮ. ಎಂಜಿನ್ನಿನ ಅಲುಗಾಟಕ್ಕೆ ಬಾಗಿಕೊಡುವ ನೇಯ್ದ ಜಾಲರಿಯ ಬೆಲ್ಲೋಸ್, ಆಕ್ಸಿಜನ್ ಸೆನ್ಸರ್ ಕೂರುವ ಜಾಗ, ಪೈಪನ್ನು ತೂಗುವ ರಬ್ಬರ್ ಹ್ಯಾಂಗರ್, ಸೈಲೆನ್ಸರಿನ ಡಬ್ಬಿ, ಇವುಗಳನ್ನೂ ಬಿಟ್ಟುಬಿಡಬೇಕು.

2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ಮಾಲಿನ್ಯದ ಮಾನದಂಡ ಜಾರಿಗೆ ಬಂದ ಮೇಲಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಕನ್ವರ್ಟರು ಎಂಜಿನ್ನಿಗೆ ಅಂಟಿಕೊಂಡಂತೆಯೇ ಇರುತ್ತದೆ, ಎಂಜಿನ್ನಿಗೂ ಕನ್ವರ್ಟರಿಗೂ ನಡುವೆ ಸುತ್ತುವಂಥ ಪೈಪೇ ಇರುವುದಿಲ್ಲ. ಅಂಥ ಕಾರುಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಸರಿ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಮೈಲ್ಡ್ ಸ್ಟೀಲ್ ಪೈಪಿನ ಕಾರಿಟ್ಟುಕೊಂಡವರಿಗೂ ನನ್ನ ಸಲಹೆ ಇದೇ. ಉಪ್ಪು ಬೆರೆತ ತೇವ ಪಟ್ಟಿಯೊಳಗೆ ಕೂತರೆ ಪೈಪು ಉಳಿಯುವುದಿಲ್ಲ. ಪೈಪಿಗೂ ರಕ್ಷಿಸಬೇಕಾದ ವಸ್ತುವಿಗೂ ನಡುವೆ, ಎರಡಕ್ಕೂ ತಾಗದಂತೆ ಬೆರಳಗಲದ ಗಾಳಿಯ ಜಾಗ ಬಿಟ್ಟು, ಅಲ್ಯೂಮಿನಿಯಂ ತಗಡು ನಿಲ್ಲಿಸಿದರೆ ಅವರಿಗೆ ಅಷ್ಟೇ ಪ್ರಯೋಜನ ಸಿಗುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಇರುವ ಪೈಪಿಗೆ ಪಟ್ಟಿ ಸುತ್ತುವುದು ಬೇರೆ, ಪಟ್ಟಿ ಸುತ್ತುವ ನೆಪದಲ್ಲಿ ಕನ್ವರ್ಟರನ್ನು ಕಿತ್ತು ಹೊಗೆಗೆ ತಡೆಯಿಲ್ಲದ ಫ್ರೀ ಫ್ಲೋ ಪೈಪು ಹಾಕಿಸುವುದು ಬೇರೆ. ಎರಡನೆಯದನ್ನು ಮಾಡಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಎಕ್ಸಾಸ್ಟ್ ಪೈಪಿಗೂ ಇಂಧನದ ಪೈಪಿಗೂ ನಡುವೆ 35 ಮಿಲಿಮೀಟರ್ ಅಂತರ ಇರಬೇಕು. ಮರಳಿ ಜೋಡಿಸುವಾಗ ಈ ಅಂಕಿ ನೆನಪಿರಲಿ.

ಪಟ್ಟಿಯ ಆಯ್ಕೆ ಮತ್ತು ಅಳತೆ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪಟ್ಟಿಗಳು ಸಿಗುತ್ತವೆ. ಮೊದಲನೆಯದು ಗಾಜಿನ ನೂಲಿನದು, ಅಂದರೆ ಫೈಬರ್‌ಗ್ಲಾಸ್. ಬಿಳಿ, ಕಂದು ಅಥವಾ ಗ್ರಾಫೈಟ್ ಲೇಪಿಸಿದ ಕಪ್ಪು ಬಣ್ಣದಲ್ಲಿ ಇರುತ್ತದೆ, ಅಗ್ಗ. ನಿರಂತರವಾಗಿ ಸುಮಾರು 550 ಡಿಗ್ರಿ ತಾಳಬಲ್ಲದು ಎಂದು ಭಾವಿಸಿಕೊಂಡು ಬಳಸಿದರೆ ಕ್ಷೇಮ. ಅದನ್ನು ಮೀರಿ ಬಹಳ ಹೊತ್ತು ಕಾದರೆ ನೂಲು ಪೆಡಸಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಎರಡನೆಯದು ಬಸಾಲ್ಟ್ ಶಿಲೆಯನ್ನು ಕರಗಿಸಿ ಎಳೆದ ನೂಲಿನದು. ಟೈಟಾನಿಯಂ ಅಥವಾ ಲಾವಾ ಎಂಬ ಹೆಸರಿನಲ್ಲಿ, ಕಂಚಿನಂಥ ಬಣ್ಣದಲ್ಲಿ ಸಿಗುವ ಪಟ್ಟಿಗಳು ಸಾಮಾನ್ಯವಾಗಿ ಇವೇ, ಟೈಟಾನಿಯಂ ಲೋಹದವಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ನೆಲದಡಿ ಹಾಸಿಕೊಂಡಿರುವ ಕಪ್ಪು ಕಲ್ಲಿನ ಜಾತಿಯದೇ ಈ ಬಸಾಲ್ಟ್. ಇದು ಹೆಚ್ಚು ಶಾಖ ತಾಳುತ್ತದೆ, ಮೆದುವಾಗಿ ಬಾಗುತ್ತದೆ, ನವೆ ಕಡಿಮೆ, ಬೆಲೆ ಹೆಚ್ಚು. ಎಂಜಿನ್ನಿನ ತಲೆಗೆ ಹತ್ತಿರದ ಹೆಡರ್ ಪೈಪುಗಳಿಗೆ ಮತ್ತು ಟರ್ಬೊ ಇರುವ ಪೆಟ್ರೋಲ್ ಗಾಡಿಯ ಡೌನ್‌ಪೈಪಿಗೆ ಬಸಾಲ್ಟನ್ನೇ ಆರಿಸಿ. ಕೆಳಗಿನ ಪೈಪಿಗೆ ಗಾಜಿನ ನೂಲಿನದು ಸಾಕು. ಹಳೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಹಗ್ಗ ಅಥವಾ ಪಟ್ಟಿ ಸಿಕ್ಕರೆ ಮುಟ್ಟಬೇಡಿ. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಅಗಲದ ವಿಷಯದಲ್ಲಿ, 50 ಮಿಲಿಮೀಟರ್ ಪಟ್ಟಿ ಡೌನ್‌ಪೈಪಿಗೆ, 25 ಮಿಲಿಮೀಟರ್ ಪಟ್ಟಿ ಹೆಡರಿನ ಕಿರಿದಾದ, ಹೆಚ್ಚು ಬಾಗಿರುವ ಪೈಪುಗಳಿಗೆ ಹೊಂದುತ್ತದೆ. ಉದ್ದವನ್ನು ಹೀಗೆ ಲೆಕ್ಕ ಹಾಕಬೇಕು. ಪೈಪಿನ ಮೈಮೇಲೆ, ಬಾಗುಗಳನ್ನೂ ಅನುಸರಿಸಿ, ಒಂದು ನೂಲು ಹಿಡಿದು ಅದರ ಉದ್ದ ಅಳೆಯಿರಿ. ಸುತ್ತಳತೆ ತಿಳಿಯಲು ಹೊರವ್ಯಾಸವನ್ನು 3.14ರಿಂದ ಗುಣಿಸಿ. ಪಟ್ಟಿಯ ಅಗಲದಿಂದ ಒಂದು ಸುತ್ತು ಇನ್ನೊಂದರ ಮೇಲೆ ಏರುವ 6 ಮಿಲಿಮೀಟರ್ ಕಳೆಯಿರಿ. ಉದ್ದವನ್ನು ಸುತ್ತಳತೆಯಿಂದ ಗುಣಿಸಿ, ಆ ಉಳಿದ ಅಗಲದಿಂದ ಭಾಗಿಸಿದರೆ ಬೇಕಾದ ಪಟ್ಟಿಯ ಉದ್ದ ಸಿಗುತ್ತದೆ. ಉದಾಹರಣೆಗೆ 50 ಮಿಲಿಮೀಟರ್ ವ್ಯಾಸದ 1 ಮೀಟರ್ ಪೈಪಿಗೆ 50 ಮಿಲಿಮೀಟರ್ ಪಟ್ಟಿ ಸುಮಾರು 3.6 ಮೀಟರ್ ಬೇಕು. ಬಾಗುಗಳಿಗೆ, ತುದಿಯ ಎರಡು ಸುತ್ತುಗಳಿಗೆ ಎಂದು ಇನ್ನೂ ಶೇಕಡ 15 ಸೇರಿಸಿ 4.2 ಮೀಟರ್ ಇಟ್ಟುಕೊಳ್ಳಿ. ಪಟ್ಟಿ ನಡುವೆ ಮುಗಿದರೆ ಜೋಡಣೆ ಹಾಕಬಹುದಾದರೂ, ಪಟ್ಟಿ ಮೊದಲು ಸಡಿಲವಾಗುವುದು ಆ ಜೋಡಣೆಯಲ್ಲೇ.

ಕಟ್ಟಲು ಸ್ಟೇನ್‌ಲೆಸ್ ಸ್ಟೀಲಿನ ಟೈಗಳೇ ಬೇಕು, 4.6 ಮಿಲಿಮೀಟರ್ ಅಗಲದ್ದು ಸಾಕು. ಸತು ಲೇಪಿಸಿದ ಜಿಐ ತಂತಿಯಿಂದ ಬಿಗಿದರೆ ಆಯಿತು ಎನ್ನುವವರಿದ್ದಾರೆ. ಅದರ ಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ, ಆಮೇಲೆ ತಂತಿ ತುಕ್ಕು ಹಿಡಿದು ತುಂಡಾಗುತ್ತದೆ. ಇವುಗಳ ಜೊತೆಗೆ ಉದ್ದ ತೋಳಿನ ಅಂಗಿ, ರಬ್ಬರ್ ಲೇಪದ ಕೈಗವಸು, ಕಣ್ಣಿಗೆ ಕನ್ನಡಕ, ಎನ್95 ಮುಖಗವಸು, ತಂತಿ ಬ್ರಷ್, 120ರ ಎಮರಿ ಕಾಗದ, 600 ಡಿಗ್ರಿಗಿಂತ ಹೆಚ್ಚು ತಾಳುವ ಹೀಟ್ ರೆಸಿಸ್ಟೆಂಟ್ ಪೇಂಟು, ಹೊಸ ಗ್ಯಾಸ್ಕೆಟ್‌ಗಳು ಮತ್ತು ಪಟ್ಟಿ ನೆನೆಸಲು ಒಂದು ಬಕೆಟ್ ನೀರು ಬೇಕಾಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಇವೆಲ್ಲ ದೊರೆಯುತ್ತವೆ.

ಪೈಪನ್ನು ಬಿಚ್ಚಿ ಸಿದ್ಧಗೊಳಿಸುವುದು

ಗಾಡಿಯಲ್ಲಿ ಇದ್ದಂತೆಯೇ ಸುತ್ತಲು ಹೋಗಬೇಡಿ. ಕೈ ಆಡದ ಜಾಗದಲ್ಲಿ ಬಿಗಿ ಬರುವುದಿಲ್ಲ, ಪೈಪಿನ ಹಿಂಬದಿ ಕಣ್ಣಿಗೆ ಬೀಳುವುದಿಲ್ಲ. ರಾತ್ರಿಯೇ ಗಾಡಿ ನಿಲ್ಲಿಸಿ, ಪೈಪನ್ನು ಹಿಡಿದಿರುವ ಸ್ಟಡ್ಡುಗಳಿಗೆ ಡಬ್ಲ್ಯೂಡಿ-40ರಂಥ ಎಣ್ಣೆ ಹೊಡೆದು ಬಿಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣಿದಿರುತ್ತದೆ, ನಟ್ಟುಗಳೂ ಸ್ವಲ್ಪ ಸಡಿಲಗೊಂಡಿರುತ್ತವೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಗಾಡಿಯನ್ನು ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿ; ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಎಂದೂ ಹೋಗಬಾರದು. ಆಕ್ಸಿಜನ್ ಸೆನ್ಸರನ್ನು ತಿರುಗಿಸಿ ತೆಗೆಯುವ ಮೊದಲು ಅದರ ಕನೆಕ್ಟರ್ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ವೈರು ಹೊಸೆದುಕೊಂಡು ತುಂಡಾಗುತ್ತದೆ. ನಟ್ಟು ಬಾರದಿದ್ದರೆ ಬಲವಂತ ಮಾಡದೆ ಹಿಂದಕ್ಕೂ ಮುಂದಕ್ಕೂ ಕಾಲು ತಿರುವಿನಷ್ಟು ಆಡಿಸುತ್ತಾ ಬಿಚ್ಚಿ. ಸಿಲಿಂಡರ್ ಹೆಡ್ಡಿನೊಳಗೆ ಮುರಿದ ಸ್ಟಡ್ಡನ್ನು ತೆಗೆಯುವುದು ಪಟ್ಟಿ ಸುತ್ತುವುದಕ್ಕಿಂತ ಎಷ್ಟೋ ದೊಡ್ಡ ಕೆಲಸ.

ಪೈಪು ಕೈಗೆ ಬಂದ ಮೇಲೆ ಬೆಳಕಿನಲ್ಲಿ ಹಿಡಿದು, ಪ್ರತಿ ಬೆಸುಗೆಯನ್ನೂ ನೋಡಿ. ಅನಿಲ ಸೋರುವ ಕಡೆ ಮಸಿಯ ಗೆರೆ ಬಿದ್ದಿರುತ್ತದೆ. ಅನುಮಾನವಿದ್ದರೆ ಒಂದು ತುದಿಯನ್ನು ಬಟ್ಟೆ ತುರುಕಿ ಮುಚ್ಚಿ, ಇನ್ನೊಂದರಿಂದ ಮೆಲ್ಲಗೆ ಗಾಳಿ ಬಿಟ್ಟು, ಬೆಸುಗೆಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಏಳುತ್ತವೆ. ಸೋರುವ ಪೈಪಿಗೆ ಪಟ್ಟಿ ಸುತ್ತಿದರೆ ಸೋರಿಕೆ ನಿಲ್ಲುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಆ ಜಾಗದ ಪಟ್ಟಿಯೂ ಬೇಗ ಸುಟ್ಟುಹೋಗುತ್ತದೆ. ಮೊದಲು ಬೆಸುಗೆ ಹಾಕಿಸಿ. ಇದೇ ಹೊತ್ತಿಗೆ ಎಂಜಿನ್ನಿನ ಮೇಲೂ ಕಣ್ಣಾಡಿಸಿ, ವಾಲ್ವ್ ಕವರಿನ ಗ್ಯಾಸ್ಕೆಟ್ ಅಥವಾ ಬೇರೆ ಯಾವುದಾದರೂ ಸೀಲು ಎಣ್ಣೆ ಜಿನುಗಿಸುತ್ತಿದ್ದರೆ ಅದನ್ನು ಸರಿಪಡಿಸುವವರೆಗೆ ಪಟ್ಟಿಯ ಕೆಲಸ ನಿಲ್ಲಿಸಿ. ಬರಿ ಪೈಪಿನ ಮೇಲೆ ಬಿದ್ದ ಹನಿ ಎಣ್ಣೆ ಹೊಗೆಯಾಗಿ ಹೋಗುತ್ತದೆ. ಪಟ್ಟಿಯ ಮೇಲೆ ಬಿದ್ದದ್ದು ಹಣತೆಯ ಬತ್ತಿ ಎಣ್ಣೆ ಹೀರುವಂತೆ ಒಳಕ್ಕೆ ಇಳಿದು, ಶೇಖರವಾಗಿ, ಒಂದು ದಿನ ಹೊತ್ತಿಕೊಳ್ಳುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಒಮ್ಮೆ ನನ್ನ ಗಾಡಿಯ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಎದ್ದಾಗ, ಬಾನೆಟ್ ಎತ್ತಿ ನೋಡಿದರೆ ಹೆಡರಿನ ಮೇಲಿನ ಪಟ್ಟಿ ಅಂಗೈಯಗಲ ಕಪ್ಪಾಗಿ ಜಿಡ್ಡುಗಟ್ಟಿತ್ತು. ಬೆಂಕಿ ಇನ್ನೂ ಹತ್ತಿರಲಿಲ್ಲ. ಆ ದಿನದಿಂದ ಎಣ್ಣೆ ಸೋರಿಕೆಯ ಪರೀಕ್ಷೆ ಮಾಡದೆ ನಾನು ಪಟ್ಟಿಯನ್ನು ಬಕೆಟ್ಟಿಗೆ ಹಾಕುವುದೇ ಇಲ್ಲ.

ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಎಮರಿ ಕಾಗದದಿಂದ ಉಜ್ಜಿ, ಥಿನ್ನರಿನಲ್ಲಿ ಒರೆಸಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಬೇಡಿ, ಅದರ ಶೇಷ ಬಿಸಿಗೆ ಸಿಕ್ಕರೆ ವಿಷಾನಿಲ ಹುಟ್ಟುತ್ತದೆ. ಮೈಲ್ಡ್ ಸ್ಟೀಲಾದರೆ ಹೀಟ್ ರೆಸಿಸ್ಟೆಂಟ್ ಪೇಂಟನ್ನು ತೆಳುವಾಗಿ ಎರಡು ಕೈ ಹೊಡೆದು, ಡಬ್ಬಿಯ ಮೇಲೆ ಬರೆದ ಹೊತ್ತಿನಷ್ಟು ಒಣಗಿಸಿ. ಇಂಥ ಬಣ್ಣ ಬಿಸಿಯಾದ ಮೇಲೆಯೇ ಪೂರ್ತಿ ಗಟ್ಟಿಯಾಗುವುದರಿಂದ, ಸಾಧ್ಯವಿದ್ದರೆ ಪೈಪನ್ನು ಒಮ್ಮೆ ಗಾಡಿಗೆ ಜೋಡಿಸಿ, ಎಂಜಿನ್ ಓಡಿಸಿ, ತಣಿಸಿ, ಮತ್ತೆ ಬಿಚ್ಚಿ ಸುತ್ತುವುದು ಉತ್ತಮ. ಎರಡು ಸಲ ಬಿಚ್ಚುವ ಶ್ರಮ ಹೆಚ್ಚೆನಿಸಬಹುದು. ಆದರೆ ಪೈಪಿನ ಆಯುಷ್ಯ ನಿರ್ಧಾರವಾಗುವುದು ಈ ಹಂತದಲ್ಲೇ, ನನ್ನ ಮೊದಲ ಪೈಪು ಹೋದದ್ದೂ ಇದನ್ನು ಬಿಟ್ಟಿದ್ದರಿಂದ.

ಸುತ್ತುವ ಕ್ರಮ

ಗಾಜಿನ ನೂಲಿನ ಪಟ್ಟಿಯಾದರೆ ಸುರುಳಿಯನ್ನು ಶುದ್ಧ ನೀರಿನಲ್ಲಿ ಸುಮಾರು 20 ನಿಮಿಷ ನೆನೆಸಿ, ಹಿಂಡದೆ, ನೀರು ಸೋರಿಹೋಗಲು ಬಿಡಿ. ಒದ್ದೆ ಪಟ್ಟಿಯಿಂದ ನೂಲಿನ ಧೂಳು ಏಳುವುದಿಲ್ಲ, ಬಾಗಿನಲ್ಲಿ ಚೆನ್ನಾಗಿ ಕೂರುತ್ತದೆ. ಬಸಾಲ್ಟ್ ಪಟ್ಟಿಯನ್ನು ಸಾಮಾನ್ಯವಾಗಿ ಒಣಗಿದಂತೆಯೇ ಸುತ್ತುತ್ತಾರೆ. ಪೊಟ್ಟಣದ ಮೇಲಿನ ಸೂಚನೆಯನ್ನು ಅನುಸರಿಸಿ.

ಯಾವ ತುದಿಯಿಂದ ಶುರು ಮಾಡಬೇಕು? ಮನೆಗೆ ಹೆಂಚು ಹೊದಿಸುವವರು ಸೂರಿನ ಅಂಚಿನಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಾರೆ, ಹಾಗಾಗಿ ಮೇಲಿನ ಹೆಂಚು ಕೆಳಗಿನದರ ಮೇಲೆ ಕೂತು ನೀರು ಒಳಗೆ ನುಗ್ಗುವುದಿಲ್ಲ. ಇಲ್ಲಿಯೂ ಹಾಗೆಯೇ. ಗಾಡಿಯ ಕೆಳಗೆ ನೀರು, ಕೆಸರು, ಜಲ್ಲಿ ಎಲ್ಲ ಮುಂದಿನಿಂದ ಹಿಂದಕ್ಕೆ ಬಡಿಯುತ್ತವೆ. ಆದ್ದರಿಂದ ಪೈಪಿನ ಹಿಂತುದಿಯಿಂದ, ಅಂದರೆ ಸೈಲೆನ್ಸರಿನ ಕಡೆಯಿಂದ ಆರಂಭಿಸಿ ಎಂಜಿನ್ನಿನ ಕಡೆಗೆ ಸುತ್ತುತ್ತಾ ಬರಬೇಕು. ಆಗ ಪ್ರತಿ ಹೊಸ ಸುತ್ತು ಹಿಂದಿನ ಸುತ್ತಿನ ಮುಂದಂಚನ್ನು ಮುಚ್ಚುತ್ತದೆ, ತೆರೆದ ಅಂಚುಗಳೆಲ್ಲ ಗಾಡಿಯ ಹಿಂಭಾಗಕ್ಕೆ ಮುಖ ಮಾಡುತ್ತವೆ. ಹೆಡರಿನಲ್ಲೂ ನಾಲ್ಕು ಪೈಪುಗಳು ಕೂಡುವ ಕಲೆಕ್ಟರಿನ ಕಡೆಯಿಂದ ಹೆಡ್ಡಿಗೆ ಬೋಲ್ಟು ಹಾಕುವ ಚಪ್ಪಟೆ ಅಂಚಿನ, ಅಂದರೆ ಫ್ಲಾಂಜಿನ, ಕಡೆಗೆ ಒಂದೊಂದೇ ಪೈಪನ್ನು ಸುತ್ತಿ, ಕೊನೆಗೆ ಕಲೆಕ್ಟರನ್ನು ಸುತ್ತುವಾಗ ನಾಲ್ಕರ ಆರಂಭದ ತುದಿಗಳನ್ನೂ ಅದರಡಿ ಸೇರಿಸಿಬಿಡಿ. ಎಂಜಿನ್ನಿನ ಬಳಿ ನೀರು ಕಡಿಮೆ ಬೀಳುವುದರಿಂದ ಅಲ್ಲಿ ದಿಕ್ಕಿಗಿಂತ ಬಿಗಿಯೇ ಮುಖ್ಯ.

ಪಟ್ಟಿಯ ಹರಿದ ತುದಿಯನ್ನು ಒಂದು ಬೆರಳಗಲ ಒಳಕ್ಕೆ ಮಡಚಿ, ಫ್ಲಾಂಜಿನಿಂದ 15 ಮಿಲಿಮೀಟರ್ ಬಿಟ್ಟು, ಮೊದಲ ಎರಡು ಸುತ್ತುಗಳನ್ನು ಒಂದರ ಮೇಲೊಂದು ನೇರವಾಗಿ ಹಾಕಿ, ಸ್ಟೀಲ್ ಟೈಯಿಂದ ಬಿಗಿಯಿರಿ. ಫ್ಲಾಂಜನ್ನು ಬಿಡದಿದ್ದರೆ ಮುಂದೆ ಬೋಲ್ಟಿಗೆ ಸ್ಪ್ಯಾನರ್ ಕೂರುವುದಿಲ್ಲ. ಪೈಪನ್ನು ವೈಸಿನಲ್ಲಿ ಬಟ್ಟೆ ಇಟ್ಟು ಹಿಡಿಸಿ. ಒಬ್ಬರು ಸುರುಳಿಯನ್ನು ಹಿಂದಕ್ಕೆ ಎಳೆದು ಹಿಡಿದಿರಲಿ, ಇನ್ನೊಬ್ಬರು ಸುತ್ತಲಿ. ಪಂಚೆಯ ನೀರು ಹಿಂಡುವಾಗ ಕೈಗೆ ಎಷ್ಟು ಬಲ ಬೇಕೋ ಅಷ್ಟು ಬಲದಿಂದ ಪ್ರತಿ ಸುತ್ತನ್ನೂ ಎಳೆಯಬೇಕು. ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಸುತ್ತು ಜಾರುತ್ತದೆ ಎಂದಾದರೆ ಬಿಗಿ ಸಾಲದು, ಬಿಚ್ಚಿ ಮತ್ತೆ ಸುತ್ತಿ. ಒಂದು ಸುತ್ತು ಇನ್ನೊಂದರ ಮೇಲೆ 6 ಮಿಲಿಮೀಟರ್ ಏರಿದರೆ ಸಾಕು. ಪಟ್ಟಿಯ ಅರ್ಧದಷ್ಟು ಏರಿಸಿದರೆ ಇಡೀ ಪೈಪಿಗೆ ಎರಡು ಪದರ ಬಿದ್ದು, ಲೋಹ ಅನಗತ್ಯವಾಗಿ ಕಾಯುತ್ತದೆ, ಒಳಗಿನ ತೇವ ಒಣಗುವುದೂ ತಡವಾಗುತ್ತದೆ.

ಬಾಗಿನಲ್ಲಿ ಒಳಮಗ್ಗುಲಿನ ಸುತ್ತುಗಳು ಒತ್ತೊತ್ತಾಗಿ ಬೀಳುತ್ತವೆ, ಹೊರಮಗ್ಗುಲಿನವು ದೂರ ಸರಿಯುತ್ತವೆ. ಅಳತೆಯನ್ನು ಯಾವಾಗಲೂ ಹೊರಮಗ್ಗುಲಲ್ಲೇ ನೋಡಬೇಕು; ಅಲ್ಲಿ 6 ಮಿಲಿಮೀಟರ್ ಉಳಿದರೆ ಒಳಗೆ ಎಷ್ಟೇ ಏರಿದರೂ ಚಿಂತೆಯಿಲ್ಲ. ಪ್ರತಿ ಬಾಗಿನ ಎರಡೂ ಕಡೆ ಮತ್ತು ನೇರ ಭಾಗದಲ್ಲಿ ಸುಮಾರು 20 ಸೆಂಟಿಮೀಟರಿಗೊಂದರಂತೆ ಟೈ ಹಾಕಿ. ಆಕ್ಸಿಜನ್ ಸೆನ್ಸರ್ ಕೂರುವ ಜಾಗ ಬಂದಾಗ ಅದರ ಎರಡೂ ಕಡೆ 25 ಮಿಲಿಮೀಟರ್ ಬಿಟ್ಟು, ಪಟ್ಟಿಯನ್ನು ಒಂದು ಬದಿಯಲ್ಲಿ ಮುಗಿಸಿ ಇನ್ನೊಂದು ಬದಿಯಿಂದ ಹೊಸದಾಗಿ ಶುರುಮಾಡುವುದು ನನಗೆ ಸರಿಕಂಡ ವಿಧಾನ. ಕೊನೆಯಲ್ಲಿ ಆರಂಭದಂತೆಯೇ ಎರಡು ನೇರ ಸುತ್ತು, ಮಡಚಿದ ತುದಿ, ಎರಡು ಟೈ. ಟೈಗಳ ತಲೆ ನೆಲದ ಕಡೆಗೆ ಇರದಂತೆ ಮೇಲಕ್ಕೆ ತಿರುಗಿಸಿ, ಹೆಚ್ಚಿನ ಬಾಲವನ್ನು ಕತ್ತರಿಸಿ, ಉಳಿದ ಮೊನೆಯನ್ನು ಇಕ್ಕಳದಿಂದ ಮಡಚಿ. ಆ ಮೊನೆ ಬ್ಲೇಡಿನಷ್ಟೇ ಹರಿತವಾಗಿರುತ್ತದೆ.

ಕೆಲಸ ಮುಗಿದ ಕೂಡಲೇ ಕೈಯನ್ನು ಉಜ್ಜದೆ, ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ. ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ, ಗಾಜಿನ ಸಣ್ಣ ಎಳೆಗಳು ಎಲ್ಲದಕ್ಕೂ ಸೇರಿಕೊಳ್ಳುತ್ತವೆ.

ಮರಳಿ ಜೋಡಣೆ ಮತ್ತು ಮೊದಲ ಬಿಸಿ

ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಬಳಸದೆ ಹೊಸದನ್ನು ಹಾಕಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪಸ್ವಲ್ಪವಾಗಿ, ವರ್ಕ್‌ಶಾಪ್ ಮ್ಯಾನುವಲ್ಲಿನಲ್ಲಿ ಕೊಟ್ಟ ಟಾರ್ಕಿಗೆ ಬಿಗಿಯಿರಿ. ಪಟ್ಟಿಯಿಂದ ಪೈಪಿನ ದಪ್ಪ ಎರಡೂ ಬದಿಗೆ ಹೆಚ್ಚಾಗಿರುತ್ತದೆ. ಇಂಧನದ ಪೈಪಿಗೆ ಇರುವ ಅಂತರವನ್ನು ಅಳೆದು ನೋಡಿ, ವೈರು, ರಬ್ಬರ್ ಬೂಟು, ಸ್ಟಿಯರಿಂಗ್ ಶಾಫ್ಟು ಯಾವುದೂ ತಾಗುತ್ತಿಲ್ಲ ಎಂದು ಕೈಯಾಡಿಸಿ ಖಚಿತಪಡಿಸಿಕೊಳ್ಳಿ. ಎಂಜಿನ್ ಅಲುಗಾಡುತ್ತದೆ, ಪೈಪೂ ಬೆಳೆಯುತ್ತದೆ. 1 ಮೀಟರ್ ಉದ್ದದ ಮೈಲ್ಡ್ ಸ್ಟೀಲ್ ಪೈಪಿನ ತಾಪ 500 ಡಿಗ್ರಿ ಏರಿದರೆ ಅದು ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ, ಸ್ಟೇನ್‌ಲೆಸ್ ಆದರೆ 8ಕ್ಕೂ ಹೆಚ್ಚು. ತಣ್ಣಗಿರುವಾಗ ಕೂದಲೆಳೆಯ ಅಂತರ ಇದ್ದದ್ದು ಬಿಸಿಯಾದಾಗ ಉಳಿಯುವುದಿಲ್ಲ.

ಮೊದಲ ಬಿಸಿಯನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಖಂಡಿತ ಬೇಡ. ಪಕ್ಕದಲ್ಲಿ ಡ್ರೈ ಪೌಡರಿನ ಅಗ್ನಿಶಾಮಕ ಸಿಲಿಂಡರ್ ಇರಲಿ. ಎಂಜಿನ್ ಚಾಲು ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಳಿ ಹೊಗೆ ಏಳುತ್ತದೆ, ಸುಟ್ಟ ವಾಸನೆ ಬರುತ್ತದೆ. ಪಟ್ಟಿಯ ನೀರು ಮತ್ತು ನೇಯ್ಗೆಯಲ್ಲಿ ಬಳಸಿದ ಅಂಟು ಹೋಗುತ್ತಿರುವ ಲಕ್ಷಣ ಅದು, ಗಾಬರಿಯಾಗಬೇಕಿಲ್ಲ. ಆ ಹೊಗೆಯನ್ನು ಉಸಿರಾಡದಂತೆ ದೂರ ನಿಲ್ಲಿ. ಹೊಗೆ ನೀಲಿಯಾಗಿದ್ದು ಎಣ್ಣೆಯ ವಾಸನೆ ಇದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಕಾರಣ ಹುಡುಕಬೇಕು. 15 ನಿಮಿಷ ಐಡಲಿನಲ್ಲಿ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ನಂತರ 15–20 ಕಿಲೋಮೀಟರ್ ನಿಧಾನವಾಗಿ ಓಡಿಸಿ ಬನ್ನಿ. ಮತ್ತೆ ತಣಿದ ಮೇಲೆ ಎಲ್ಲ ಟೈಗಳನ್ನೂ ಫ್ಲಾಂಜಿನ ನಟ್ಟುಗಳನ್ನೂ ಪರೀಕ್ಷಿಸಿ ಬಿಗಿಯಿರಿ. ಮೊದಲ ಒಂದೆರಡು ಬಿಸಿಗಳಲ್ಲಿ ಕೆಲವಾದರೂ ಸಡಿಲವಾಗಿರುತ್ತವೆ. ಇದಾದ ಮೇಲೆ ಬೇಕಿದ್ದರೆ ಸಿಲಿಕೋನಿನ ಹೈ ಟೆಂಪರೇಚರ್ ಸ್ಪ್ರೇ ಹೊಡೆಯಬಹುದು, ನೂಲಿನ ಸಂದಿಗಳಿಗೆ ನೀರು, ಎಣ್ಣೆ ಇಳಿಯುವುದು ಸ್ವಲ್ಪ ತಗ್ಗುತ್ತದೆ.

ಫಲ ಸಿಕ್ಕಿತೇ ಎಂದು ಅಳೆಯುವಾಗ ಇನ್‌ಫ್ರಾರೆಡ್ ಗನ್ನನ್ನು ಪೈಪಿನ ಮೇಲೆ ಹಿಡಿದು ಮೊದಲಿನ, ಈಗಿನ ಅಂಕಿಗಳನ್ನು ಹೋಲಿಸಬೇಡಿ. ಹೊಳೆಯುವ ಲೋಹದ ತಾಪವನ್ನು ಅದು ತೀರಾ ಕಡಿಮೆ ತೋರಿಸುತ್ತದೆ. ನೀವು ರಕ್ಷಿಸಬೇಕೆಂದಿದ್ದ ವಸ್ತುವನ್ನೇ ಅಳೆಯಿರಿ. ಕಾಲಡಿಯ ತಗಡು ಅಥವಾ ಸ್ಟಾರ್ಟರಿನ ಮೈಗೆ ತಾಪ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿ ಅಂಟಿಸಿ, ಪಟ್ಟಿ ಸುತ್ತುವ ಮೊದಲು ಮತ್ತು ನಂತರ, ಒಂದೇ ದಾರಿಯಲ್ಲಿ ಒಂದೇ ಹೊತ್ತಿನಲ್ಲಿ ಓಡಿಸಿ ಹೋಲಿಸಿದರೆ ನಂಬಬಹುದಾದ ಉತ್ತರ ಸಿಗುತ್ತದೆ.

ಆಮೇಲಿನ ಆರೈಕೆ

ಮಳೆಯಲ್ಲಿ ನೆನೆದ ಪಟ್ಟಿ ಒಣಗಬೇಕಾದರೆ ಗಾಡಿ ಸಾಕಷ್ಟು ದೂರ ಓಡಬೇಕು. ಮನೆಯಿಂದ ಎರಡು ಕಿಲೋಮೀಟರಿನ ಅಂಗಡಿಗೆ ಹೋಗಿ ಬರುವ ಗಾಡಿಯಲ್ಲಿ ಪಟ್ಟಿ ಜೂನಿನಿಂದ ಸೆಪ್ಟೆಂಬರ್‌ವರೆಗೂ ಒದ್ದೆಯಾಗಿಯೇ ಇರಬಹುದು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿಯ ಕೆಳಗೆ ಪ್ರೆಶರ್ ನೀರು ಹೊಡೆಯುವಾಗ ಪಟ್ಟಿಯ ಮೇಲೆ ಹೊಡೆಯದಂತೆ ಹೇಳಿ, ನೂಲು ಎದ್ದು ಬರುತ್ತದೆ. ಎಂಜಿನ್ ಆಯಿಲ್ ಬದಲಿಸಿದ ದಿನ ಫಿಲ್ಟರಿನಿಂದ ಸುರಿದ ಎಣ್ಣೆ ಪಟ್ಟಿಗೆ ತಾಗಿದ್ದರೆ, ಒರೆಸಿ ಬಿಡುವುದಲ್ಲ, ಆ ಭಾಗವನ್ನು ಕತ್ತರಿಸಿ ಹೊಸದಾಗಿ ಸುತ್ತಬೇಕು.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಗಾಡಿಯ ಅಡಿಗೆ ಹೋಗಿ ಪೈಪಿನ ಅತಿ ತಗ್ಗಿನ ಬಾಗಿನಲ್ಲಿ ಒಂದು ಟೈ ಕತ್ತರಿಸಿ, ನಾಲ್ಕೈದು ಸುತ್ತುಗಳನ್ನು ಸರಿಸಿ ನೋಡಿ. ನೀರು ನಿಲ್ಲುವುದು ಅಲ್ಲಿಯೇ. ಬಣ್ಣ ಹಾಗೇ ಇದ್ದು ಅಲ್ಲಲ್ಲಿ ಕಂದು ಚುಕ್ಕೆ ಮಾತ್ರ ಕಂಡರೆ ಉಜ್ಜಿ, ಬಣ್ಣ ಹಚ್ಚಿ, ಆ ಭಾಗಕ್ಕಷ್ಟೇ ಹೊಸ ಪಟ್ಟಿ ಸುತ್ತಿ. ಹಕ್ಕಳೆ ಎದ್ದಿದ್ದರೆ ಇಡೀ ಪಟ್ಟಿ ತೆಗೆದು, ಸಣ್ಣ ಸುತ್ತಿಗೆಯಿಂದ ಪೈಪಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತಿಂದುಹೋದ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಅಂಥ ಪೈಪಿಗೆ ಮತ್ತೆ ಪಟ್ಟಿ ಸುತ್ತದೆ ಪೈಪನ್ನೇ ಬದಲಿಸಬೇಕು, ಏಕೆಂದರೆ ಗಾಡಿಯ ಅಡಿಯಲ್ಲಿ ಸೋರಿದ ಅನಿಲದಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಒಳಗೆ ಕೂತವರ ಉಸಿರಿಗೆ ಸೇರಬಹುದು. ಬಿಸಿಗೆ ಸಿಕ್ಕಿ ಪೆಡಸಾದ ಹಳೆಯ ಪಟ್ಟಿಯನ್ನು ಇನ್ನೊಮ್ಮೆ ಬಳಸಲು ಬರುವುದಿಲ್ಲ. ಬಿಚ್ಚುವ ಮೊದಲು ಅದಕ್ಕೆ ನೀರು ಚಿಮುಕಿಸಿ, ಮುಖಗವಸು ಹಾಕಿಕೊಂಡೇ ಬಿಚ್ಚಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಣಕಸಕ್ಕೆ ಹಾಕಿ.